ಗೂಬೆಯನ್ನು ಯಾರ ಮೇಲೆ ಕೂರಿಸುವುದು?

ನಮ್ಮ ಸಾಹುಕಾರರ ಅಕ್ಕನ ಮಗನಿಗೆ ದೊಡ್ಡ ಕರುಳಿನಲ್ಲಿ ಹುಣ್ಣೇಳುವ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾದ ದಿನ ಅಂಗಡಿಯಲ್ಲಿ ಎದ್ದ ಮೊದಲ ಪ್ರಶ್ನೆ, "ಏನು ತಿಂದಿದ್ದನಂತೆ?" ಮೂರು ವಾರ ಕಳೆದು, ಮಾತ್ರೆಗೆ ರೋಗ ಬಗ್ಗುತ್ತಿಲ್ಲ ಎಂಬ ಸುದ್ದಿ ಬಂದಾಗಲೂ ಪ್ರಶ್ನೆ ಬದಲಾಗಲಿಲ್ಲ. "ಮತ್ತೆ ಏನು ತಿಂದನಂತೆ?" ಹಮಾಲರು, ತೂಕದವರು, ಚಹಾ ತರುವ ಹುಡುಗ, ಚೀಲದ ಮೇಲೆ ಕುಳಿತು ಪೇಪರು ಓದುವ ಖರೀದಿದಾರರು, ಎಲ್ಲರ ಬಳಿಯೂ ಒಂದೊಂದು ತೀರ್ಪು ಸಿದ್ಧವಾಗಿತ್ತು. ಒಬ್ಬರು ಗಿರಮಿಟ್ಟು ಎಂದರು, ಇನ್ನೊಬ್ಬರು ಮಿರ್ಚಿ ಕರಿದ ಹಳೆಯ ಎಣ್ಣೆ ಎಂದರು, ಮತ್ತೊಬ್ಬರು ರಾತ್ರಿ ಹನ್ನೊಂದರ ಎಗ್ ರೈಸ್ ಎಂದರು. ನಾವು ಕುಳಿತಿರುವುದು ಅಮರಗೋಳದ ಎಪಿಎಂಸಿ ಯಾರ್ಡಿನ ಒಣಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ಆದ್ದರಿಂದ ಮೆಣಸಿನಕಾಯಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅನ್ನ ಹಾಕುವ ಸರಕಿನ ಮೇಲೆ ಅಪವಾದ ಹೊರಿಸುವವರು ಯಾರು?

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಈ ರೋಗದ ಜೊತೆ ನನ್ನ ಸಂಸಾರ ಹದಿಮೂರು ವರ್ಷದ್ದು. ಈ ಅಂಗಡಿಯಲ್ಲಿ ಲೆಕ್ಕ ಬರೆಯಲು ತೊಡಗಿದ್ದಕ್ಕಿಂತ ಎರಡು ವರ್ಷ ಹಳೆಯದು. "ನೀವು ಹೇಳಿರಿ, ನಿಮಗೆ ಗೊತ್ತಿರುತ್ತದೆ" ಎಂದರು ಸಾಹುಕಾರರು. ನಾನು ರೋಕಡಿ ಪುಸ್ತಕದಲ್ಲಿ ತಲೆ ಹುದುಗಿಸಿ, ಮೊತ್ತ ತಾಳೆಯಾಗುತ್ತಿಲ್ಲ ಎಂಬಂತೆ ನಟಿಸಿದೆ. ಆ ಸಂಜೆ ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಪೂರ್ತಿ ಅದೇ ಕೊರೆಯಿತು. ಹೇಳುವುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲವೇ? ಇತ್ತು. ಆದರೆ ಅದು ಅವರು ಕೇಳಿದ ಪ್ರಶ್ನೆಯ ಉತ್ತರವಾಗಿರಲಿಲ್ಲ.

ಹತ್ತದ ಒಲೆ

ನಮ್ಮ ಕಡೆ ಔಷಧ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಬಸ್ಸು ಹತ್ತುತ್ತೇವೆ, ಒಲೆ ಹತ್ತುತ್ತದೆ, ಉಂಡದ್ದು ಮೈಗೆ ಹತ್ತುತ್ತದೆ, ಒಮ್ಮೊಮ್ಮೆ ಹುಚ್ಚೂ ಹತ್ತುತ್ತದೆ. ಈ ಒಂದು ಕ್ರಿಯಾಪದದ ಮೇಲೆ ಉತ್ತರ ಕರ್ನಾಟಕದ ಅರ್ಧ ಬದುಕು ನಡೆಯುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಇದೇ ಮಾತು ಬೇರೆ ವೇಷ ಹಾಕಿಕೊಂಡು ಬರುತ್ತದೆ: ರೋಗಿ ಚಿಕಿತ್ಸೆಗೆ ಸ್ಪಂದಿಸಲಿಲ್ಲ. ಯಾರೋ ಬಾಗಿಲು ಬಡಿದರು, ನಾನು ಒಳಗೇ ಇದ್ದೂ ತೆರೆಯಲಿಲ್ಲ ಎಂಬಂತೆ. ನನಗೆ ಅವ್ವನ ಮಾತೇ ಹಿಡಿಸುತ್ತದೆ. ಮಳೆಗಾಲದಲ್ಲಿ ಒಲೆ ಹತ್ತದಿದ್ದರೆ ಆಕೆ ಕಡ್ಡಿಪೆಟ್ಟಿಗೆಯನ್ನು ಬೈಯುತ್ತಿರಲಿಲ್ಲ. ಕಟ್ಟಿಗೆ ಮುಟ್ಟಿ ನೋಡುತ್ತಿದ್ದಳು, ಊದುಗೊಳವೆಯಲ್ಲಿ ಬೂದಿ ಕಟ್ಟಿದೆಯೇ ನೋಡುತ್ತಿದ್ದಳು, ಒಲೆಯ ಬಾಯಿ ಕೆದಕುತ್ತಿದ್ದಳು. ಆದರೆ ಅದೇ ಅವ್ವ, ನನಗೆ ಸ್ಟಿರಾಯ್ಡ್ ಹತ್ತದೆ ಹೋದಾಗ ಕೇಳಿದ್ದು ಅಂಗಡಿಯವರು ಕೇಳಿದ್ದನ್ನೇ: "ನನ್ನ ಕಣ್ಣು ತಪ್ಪಿಸಿ ಹೊರಗೆ ಏನು ತಿಂದೆ?"

2019ರ ಆಗಸ್ಟ್. ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ಮುಳುಗಿದ್ದ ತಿಂಗಳು. ಯಾರ್ಡಿನಲ್ಲಿ ಮೆಣಸಿನಕಾಯಿಯ ಆವಕ ಇರಲಿಲ್ಲ, ಕೆಲಸವೂ ಕಡಿಮೆ. ಏಳು ವರ್ಷ ಮೆಸಲಮೈನ್ ಮಾತ್ರೆಯಲ್ಲಿ ಹದವಾಗಿ ಸಾಗಿದ್ದ ಕರುಳು ಜುಲೈ ಕೊನೆಗೆ ತಿರುಗಿಬಿತ್ತು. ಧಾರವಾಡದಿಂದ ಅಮರಗೋಳದವರೆಗಿನ ಹಾದಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂಬುದು ಈ ರೋಗದವನಿಗೆ ನಿಲ್ದಾಣಗಳ ಹೆಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಟೋಲ್ ನಾಕಾದ ಹೋಟೆಲು, ನವಲೂರಿನ ಪೆಟ್ರೋಲ್ ಬಂಕು, ರಾಯಾಪುರದಲ್ಲಿ ಪರಿಚಯದವರ ಗ್ಯಾರೇಜು. ಆ ತಿಂಗಳು ಮೂರನ್ನೂ ಒಂದೇ ಪ್ರಯಾಣದಲ್ಲಿ ಕಂಡೆ. ರಕ್ತ ಹೋಗುತ್ತಿತ್ತು. ಊರಿನ ಒಬ್ಬ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ 40 ಮಿಲಿಗ್ರಾಂ ಬರೆದರು. ಹತ್ತು ದಿನಕ್ಕೂ ಇಳಿಯಲಿಲ್ಲ. 60ಕ್ಕೆ ಏರಿಸಿದರು. ಮುಖ ಊದಿಕೊಂಡಿತು, ರಾತ್ರಿ ನಿದ್ದೆ ಹಾರಿತು, ಹಸಿವು ರಾಕ್ಷಸನಂತೆ ಎದ್ದು ಕುಳಿತಿತು, ಆದರೆ ರಕ್ತ ನಿಲ್ಲಲಿಲ್ಲ. ಮೂರನೆಯ ಭೇಟಿಯಲ್ಲಿ ಅವರು ನನ್ನ ಮುಖವನ್ನೂ ನೋಡದೆ "ಪಥ್ಯ ಸರಿಯಾಗಿ ಮಾಡುತ್ತಿಲ್ಲ ನೀವು" ಎಂದರು. ಹದಿನೈದು ದಿನದಿಂದ ಮಜ್ಜಿಗೆ ಅನ್ನದ ಹೊರತು ಬೇರೇನೂ ಕಾಣದ ಬಾಯಿಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿಯೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ರೋಗ ಕೆರಳಿದಾಗ ಖಾರ, ಕಾಳು, ಸೊಪ್ಪಿನ ನಾರು ಕಷ್ಟ ಕೊಡುತ್ತವೆ, ಆಗ ಅವನ್ನು ಬಿಡುವುದು ಜಾಣತನ. ಆದರೆ ಕೆಂಪು ಚಟ್ನಿ ತಿಂದು ಯಾರಿಗೂ ಅಲ್ಸರೇಟಿವ್ ಕೊಲೈಟಿಸ್ ಬಂದಿಲ್ಲ. ಇದು ದೇಹದ ಕಾವಲು ಪಡೆಯೇ ತನ್ನ ಕರುಳಿನ ಮೇಲೆ ತಿರುಗಿಬೀಳುವ ರೋಗ. ರೊಟ್ಟಿ ಚಟ್ನಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಎಷ್ಟು ಪ್ರಶ್ನೆ ಕೇಳಿದರೂ ಅದರ ಬಾಯಿಂದ ತಪ್ಪೊಪ್ಪಿಗೆ ಬರುವುದಿಲ್ಲ.

ಹುಣಸೆ ಬೀಜ

ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದ ದಿನ ನನ್ನ ನಾಡಿ ನಿಮಿಷಕ್ಕೆ 112, ತೂಕ 48 ಕಿಲೋ. ಆರು ತಾಸಿಗೊಮ್ಮೆ ರಕ್ತನಾಳಕ್ಕೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ, ಅದೂ ಸ್ಟಿರಾಯ್ಡೇ. ಗಾಬರಿಯ ಭಾಷೆ ಬಿಟ್ಟು ಲೆಕ್ಕದ ಭಾಷೆ ಆಡುವ ವೈದ್ಯೆ ಅಲ್ಲಿ ಸಿಕ್ಕರು. ಅದು ನನ್ನ ಪುಣ್ಯ. ಮೊದಲ ದಿನವೇ ಅವ್ವನ ಕೈಗೆ ಒಂದು ಕಾಗದ, ಪೆನ್ನು ಕೊಟ್ಟು, "ಅವ್ವಾ, ಇವರು ಎಷ್ಟು ಸಲ ಹೊರಗೆ ಹೋಗುತ್ತಾರೆ, ಎಷ್ಟು ಸಲ ರಕ್ತ ಬರುತ್ತದೆ, ಬರೆದಿಡಿರಿ. ನನಗೆ ಆ ಲೆಕ್ಕ ಎಲ್ಲ ಪರೀಕ್ಷೆಗಿಂತ ಮುಖ್ಯ" ಎಂದರು. ಅವ್ವನಿಗೆ ಬರೆಯಲು ಬರುವುದಿಲ್ಲ. ಬರುವುದಿಲ್ಲ ಎಂದು ಡಾಕ್ಟರಮ್ಮನ ಎದುರು ಹೇಳಲು ನಾಚಿಕೆ. ಕಾಗದವನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಬೆಳಗ್ಗೆ ನನ್ನ ಹೆಂಡತಿ ಮನೆಯಿಂದ ಗಂಜಿಯ ಜೊತೆಗೆ ಒಂದು ಸಣ್ಣ ಡಬ್ಬಿ ತಂದಳು. ಅವ್ವನ ಅಪ್ಪಣೆ. ಅದರಲ್ಲಿ ನಮ್ಮ ಮನೆಯ ಚೌಕಾಬಾರದ ಹುಣಸೆ ಬೀಜಗಳು. ಗದಗಿನ ತವರುಮನೆಯ ಕಟ್ಟೆಯ ಕಲ್ಲಿಗೆ ಅವ್ವ ತಾನೇ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿದ ಬೀಜಗಳು ಅವು. ನನಗಿಂತ ವಯಸ್ಸಾದವು. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟಳು. ನಾನು ಶೌಚಾಲಯದಿಂದ ಬಂದಾಗಲೆಲ್ಲ ಒಂದು ಬೀಜ. ರಕ್ತ ಇದ್ದರೆ ಬಿಳಿ ಮಗ್ಗುಲು ಮೇಲೆ, ಇಲ್ಲದಿದ್ದರೆ ಕಪ್ಪು ಮಗ್ಗುಲು ಮೇಲೆ. ಪಕ್ಕದ ಹಾಸಿಗೆಯ ನರಗುಂದದ ಅಜ್ಜ ಇದನ್ನು ಎರಡು ದಿನ ಮಾತಾಡದೆ ನೋಡಿ, ಕೊನೆಗೆ ತಡೆಯಲಾರದೆ ಕೇಳಿದ: "ತಂಗೀ, ನೀನು ಒಬ್ಬಳೇ ಆಡುತ್ತೀಯಲ್ಲ, ಎದುರಿಗೆ ಯಾರು?"

ಮೂರನೆಯ ಬೆಳಗ್ಗೆ ವೈದ್ಯೆ ಬಂದು ಕಾಗದ ಕೇಳಿದರು. ಅವ್ವ ತಟ್ಟೆ ಮುಂದೆ ಹಿಡಿದಳು. ಹನ್ನೊಂದು ಬೀಜ. ಒಂಬತ್ತು ಬಿಳಿ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಒಂದೊಂದೇ ಸರಿಸಿ ಎಣಿಸಿ, ಕೇಸ್ ಶೀಟಿನಲ್ಲಿ ಬರೆದುಕೊಂಡರು. ಆಮೇಲೆ ಸ್ಟೂಲಿನ ಮೇಲೆಯೇ ಕುಳಿತರು. ವಾರ್ಡಿನಲ್ಲಿ ವೈದ್ಯರು ಕುಳಿತರು ಎಂದರೆ ಮಾತು ಉದ್ದವಿದೆ ಎಂದೇ ಅರ್ಥ.

ಆ ಮೂರನೆಯ ದಿನದ ಎಣಿಕೆಯ ಹಿಂದೆ ಒಂದು ಚರಿತ್ರೆ ಇದೆ ಎಂದು ಆಮೇಲೆ ಓದಿ ತಿಳಿದೆ. 1955ರಲ್ಲಿ ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಈ ರೋಗಕ್ಕೆ ಕಾರ್ಟಿಸೋನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗವನ್ನು ಪ್ರಕಟಿಸಿದರು. 210 ರೋಗಿಗಳು. ಔಷಧ ಪಡೆದವರಲ್ಲಿ ಶೇಕಡ 41 ಜನರ ರೋಗ ಶಮನವಾಯಿತು, ಹುಸಿ ಮಾತ್ರೆ ಪಡೆದವರಲ್ಲಿ ಶೇಕಡ 16. ಅಂದಿನಿಂದ ತೀವ್ರವಾಗಿ ಕೆರಳಿದ ಕರುಳಿಗೆ ಸ್ಟಿರಾಯ್ಡೇ ಮೊದಲ ಆಸರೆ. ಆದರೆ ಅದು ಎಲ್ಲರಿಗೂ ಹತ್ತುವುದಿಲ್ಲ, ಹತ್ತಲಿಲ್ಲ ಎಂದು ತಿಳಿಯದೆ ಕಾಯುತ್ತ ಕೂತರೆ ಕರುಳು ತೂತಾಗಿ ಜೀವಕ್ಕೇ ಬರುತ್ತದೆ. ಅದೇ ಆಕ್ಸ್‌ಫರ್ಡ್‌ನಿಂದಲೇ 1996ರಲ್ಲಿ ಇನ್ನೊಂದು ಲೆಕ್ಕ ಬಂತು. ಸ್ಟಿರಾಯ್ಡ್ ಆರಂಭಿಸಿದ ಮೂರನೆಯ ದಿನ ಎಂಟಕ್ಕಿಂತ ಹೆಚ್ಚು ಸಲ ಭೇದಿಯಾದರೆ, ಅಥವಾ ಮೂರರಿಂದ ಎಂಟು ಸಲ ಆಗಿ ಉರಿಯೂತದ ಅಳತೆಯಾದ ರಕ್ತದ ಸಿಆರ್‌ಪಿ 45 ದಾಟಿದ್ದರೆ, ಅಂಥವರಲ್ಲಿ ಶೇಕಡ 85 ಜನರಿಗೆ ಆ ಸಲವೇ ದೊಡ್ಡ ಕರುಳನ್ನು ತೆಗೆಯಬೇಕಾಗಿ ಬಂದಿತ್ತು. ಅವ್ವನ ತಟ್ಟೆಯಲ್ಲಿದ್ದ ಹನ್ನೊಂದು ಬೀಜಗಳ ತೂಕ ಅದು. ಈಗ ಸ್ಟಿರಾಯ್ಡ್ ಹತ್ತದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಇನ್‌ಫ್ಲಿಕ್ಸಿಮ್ಯಾಬ್ ಇವೆ, ಆ ಅಂಕಿ ಮೊದಲಿನಷ್ಟು ಕಠೋರವಲ್ಲ. ಆದರೂ ನಿರ್ಧಾರ ಮಾಡುವ ದಿನ ಮಾತ್ರ ಇಂದಿಗೂ ಅದೇ.

ವೈದ್ಯೆ ಹೇಳಿದರು: "ಮುಂದಿನ ಔಷಧಕ್ಕೆ ಹೋಗುವ ಮೊದಲು, ಒಳಗೆ ಬೇರೆ ಯಾರಾದರೂ ಕೂತಿದ್ದಾರೆಯೇ ಎಂದು ನೋಡಿಬಿಡೋಣ." ಪಥ್ಯದ ಮಾತು ಎತ್ತದ ಮೊದಲ ವೈದ್ಯರು ಅವರು. ಆ ಒಂದೇ ಕಾರಣಕ್ಕೆ ನನಗೆ ಅಳು ಬಂತು. ಸ್ಟಿರಾಯ್ಡ್ ಮನಸ್ಸನ್ನೂ ಸಡಿಲ ಮಾಡುತ್ತದೆ ಎಂದು ಹೇಳಿ ನನ್ನ ಮಾನ ಉಳಿಸಿದರು.

ಗೂಬೆಯ ಕಣ್ಣು

ಮಲವನ್ನು ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಗೆ ಕಳಿಸಿದರು. ಅದು ಇರಲಿಲ್ಲ. ಕರುಳಿನ ಕೊನೆಯ ಭಾಗವನ್ನಷ್ಟೇ ಮೆಲ್ಲಗೆ ಇಣುಕಿ, ಹುಣ್ಣುಗಳ ಜಾಗದಿಂದ ಚೂರುಗಳನ್ನು ತೆಗೆದರು. ಎರಡು ದಿನದ ನಂತರ ವರದಿ ಹಿಡಿದುಕೊಂಡು ಬಂದ ವೈದ್ಯೆ ಅದರ ಹಿಂಬದಿಯಲ್ಲಿ ಚಿತ್ರ ಬರೆದರು. ಒಂದು ದೊಡ್ಡ ಸುತ್ತು, ಅದರೊಳಗೆ ಕಪ್ಪು ಬೊಟ್ಟು, ಬೊಟ್ಟಿನ ಸುತ್ತ ಬಿಳಿ ಬಳೆ. "ವೈರಸ್ ಹೊಕ್ಕ ಜೀವಕೋಶ ಹೀಗೆ ಊದಿಕೊಂಡು ಕಾಣುತ್ತದೆ. ನಾವು ಇದನ್ನು ಗೂಬೆಯ ಕಣ್ಣು ಎನ್ನುತ್ತೇವೆ."

ಅವ್ವನ ಕೈಯಲ್ಲಿದ್ದ ಡಬ್ಬಿ ಅಲುಗಾಡಿ ಬೀಜಗಳು ಗಲಗಲ ಎಂದವು. "ಗೂಬೆಯೇ? ಇವನ ಹೊಟ್ಟೆಯೊಳಗೆ?" ಮನೆಯೊಳಗೆ ಗೂಬೆ ಹೊಕ್ಕರೆ ಶಾಂತಿ ಮಾಡಿಸುವ ಜನ ನಾವು. ಹೊಟ್ಟೆಯೊಳಗೆ ಹೊಕ್ಕರೆ ಏನು ಮಾಡಿಸಬೇಕು ಎಂಬುದು ಯಾವ ಪಂಚಾಂಗದಲ್ಲಿಯೂ ಇಲ್ಲ. ಆ ರಾತ್ರಿಯೇ ಆಕೆ ಸಿದ್ಧಾರೂಢ ಅಜ್ಜನಿಗೆ ಹರಕೆ ಹೊತ್ತಳು.

ಅದರ ಹೆಸರು ಸೈಟೋಮೆಗಲೋವೈರಸ್. ಕೋಶವನ್ನು ದೊಡ್ಡದು ಮಾಡುವ ವೈರಸ್ ಎಂದೇ ಅರ್ಥ. ಸರ್ಪಸುತ್ತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆಮ್ಮಣ್ಣು ಹಚ್ಚಿಕೊಂಡು ಮೂಲೆಯಲ್ಲಿ ನರಳುತ್ತ ಕೂರುವ ದೊಡ್ಡಪ್ಪನೋ ಅತ್ತೆಯೋ ಪ್ರತಿ ಮನೆಯಲ್ಲಿ ಒಬ್ಬರಿರುತ್ತಾರೆ. ಬಾಲ್ಯದಲ್ಲಿ ಮೈಮೇಲೆ ಅಮ್ಮ ಎದ್ದಾಗ ಹೊಕ್ಕ ವೈರಸ್ ನರದ ಬುಡದಲ್ಲಿ ನಲವತ್ತು ಐವತ್ತು ವರ್ಷ ಮಲಗಿ, ಮೈಯ ಕಸುವು ಕುಗ್ಗಿದಾಗ ಸರ್ಪವಾಗಿ ಏಳುತ್ತದೆ. ಸೈಟೋಮೆಗಲೋವೈರಸ್ ಅದೇ ಹರ್ಪಿಸ್ ಮನೆತನದ್ದು. ಇದು ಮಲಗುವುದು ರಕ್ತದ ಕೆಲವು ಬಿಳಿಕಣಗಳಲ್ಲಿ, ಅವು ಹುಟ್ಟುವ ಮಜ್ಜೆಯಲ್ಲಿ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬ ವಯಸ್ಕನ ಮೈಯಲ್ಲಿಯೂ ಇದೆ. ಗಟ್ಟಿಮುಟ್ಟಾದವರಿಗೆ ಅದು ಇರುವ ಸುಳಿವೂ ಇರುವುದಿಲ್ಲ.

ಈ ಕೊನೆಯ ಮಾತು ನಮ್ಮ ಕಾಕಾನಿಗೆ ಗೊತ್ತಿರಲಿಲ್ಲ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಯಾವ ಕಾಗದ ಸಿಕ್ಕರೂ ತಪಾಸಣೆ ಮಾಡುವ ಚಟ. ನನ್ನ ರಕ್ತಪರೀಕ್ಷೆಯ ಕಾಗದದಲ್ಲಿ ಈ ವೈರಸ್ಸಿನ ಐಜಿಜಿ, ಅಂದರೆ ಹಿಂದೆಂದೋ ಸೋಂಕು ತಗುಲಿದ್ದರ ಗುರುತಾದ ಪ್ರತಿಕಾಯ, ಪಾಸಿಟಿವ್ ಎಂದು ಓದಿ, ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿದೆ ಎಂದು ಕೆಂಪು ಗೆರೆ ಎಳೆದು, ವೈದ್ಯೆಯ ಹಾದಿ ಕಾದು ನಿಂತರು. ಅವರು ಶಾಂತವಾಗಿ ಹೇಳಿದರು: "ಇದರಲ್ಲಿ ಹೊಸದೇನಿಲ್ಲ. ನಿಮ್ಮದು ತೆಗೆಸಿದರೂ ಪಾಸಿಟಿವ್ ಬರುತ್ತದೆ, ನನ್ನದೂ ಬರುತ್ತದೆ, ಈ ವಾರ್ಡಿನ ಎಲ್ಲರದೂ ಬರುತ್ತದೆ. ವೈರಸ್ ಮೈಯಲ್ಲಿ ಇದೆಯೇ ಎಂದು ಕೇಳಬಾರದು. ಈ ಹುಣ್ಣಿನಲ್ಲಿ ಎದ್ದು ಕೂತಿದೆಯೇ ಎಂದು ಕೇಳಬೇಕು." ಅದಕ್ಕಾಗಿಯೇ ಕರುಳಿನ ಚೂರು ಬೇಕು. ಆ ಚೂರಿಗೆ ವೈರಸ್ಸನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಹಾಕಿದರೆ ಸೋಂಕು ತಗುಲಿದ ಕೋಶಗಳು ಕಂದು ಬಣ್ಣ ತಾಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಮಾಮೂಲಿ ಬಣ್ಣದಲ್ಲಿ ಕಾಣುವ ಗೂಬೆಗಿಂತ ಈ ಕಂದು ಗೂಬೆ ಹೆಚ್ಚು ನಂಬಿಕಸ್ಥ. ಇನ್ನು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪಿಸಿಆರ್ ಕೂಡ ಕರುಳಿನ ಸುದ್ದಿಯನ್ನು ಪೂರ್ತಿ ಹೇಳುವುದಿಲ್ಲ. ಕಾಕಾ ಆ ಸಂಜೆಯಿಡೀ ತಮ್ಮ ಮೈಯಲ್ಲಿಯೂ ಗೂಬೆ ಇದೆ ಎಂಬ ಚಿಂತೆಯಲ್ಲಿ ಮಂಡಕ್ಕಿಯನ್ನೂ ಮುಟ್ಟಲಿಲ್ಲವಂತೆ.

ಹಾಗಾದರೆ ಮಲಗಿದ್ದದ್ದು ಎದ್ದದ್ದೇಕೆ? ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಕೆರಳಿದ ಕರುಳಿನಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕ ಹೇರಳವಾಗಿ ಹರಿಯುತ್ತದೆ. ಅದು ಮಲಗಿದ ವೈರಸ್ಸಿನ ಭುಜ ಅಲುಗಿಸಿ ಎಬ್ಬಿಸುತ್ತದೆ. ಎದ್ದ ಗಳಿಗೆಯಲ್ಲಿಯೇ ಹಿಡಿದು ಮಲಗಿಸಬೇಕಾದ, ದೇಹದ ಕಾವಲು ಪಡೆಯ ಟಿ ಕೋಶಗಳಿಗೆ ಸ್ಟಿರಾಯ್ಡ್ ರಜೆ ಕೊಟ್ಟು ಕಳಿಸಿಬಿಟ್ಟಿರುತ್ತದೆ. ಗೋದಾಮಿನೊಳಗೆ ಗದ್ದಲ, ಬಾಗಿಲಲ್ಲಿ ಕಾವಲಿಲ್ಲ. ವೈರಸ್ ಹುಣ್ಣಿನ ಬುಡದ ಸಣ್ಣ ರಕ್ತನಾಳಗಳ ಒಳಪದರವನ್ನು ಹೊಕ್ಕು, ಅಲ್ಲಿನ ಕೋಶಗಳನ್ನು ಊದಿಸಿ, ರಕ್ತದ ದಾರಿ ಕಟ್ಟುತ್ತದೆ. ಹುಣ್ಣು ಇನ್ನಷ್ಟು ಆಳಕ್ಕಿಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಮೂಲ ರೋಗವೇ ಹೆಚ್ಚಾದಂತೆ ಕಾಣುತ್ತದೆ, ಆಗ ಸ್ಟಿರಾಯ್ಡ್ ಇನ್ನೂ ಏರಿಸುತ್ತಾರೆ. ನನ್ನ 40, 60 ಆದದ್ದು ಹೀಗೆ. ಒಲೆ ಹತ್ತಲೆಂದು ನಾವು ಸುರಿಯುತ್ತಿದ್ದುದರಲ್ಲಿ ಎಣ್ಣೆಯೆಷ್ಟು, ನೀರೆಷ್ಟು?

ಔಷಧ ಗ್ಯಾನ್ಸಿಕ್ಲೋವಿರ್. ಅಮೆರಿಕದಲ್ಲಿ 1989ರಲ್ಲಿ ಅನುಮತಿ ಪಡೆದದ್ದು, ಆಗ ಏಡ್ಸ್ ರೋಗಿಗಳ ಕಣ್ಣನ್ನು ಇದೇ ವೈರಸ್ಸಿನಿಂದ ಉಳಿಸಲು. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ನನಗೆ 240 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಒಂದೊಂದು ತಾಸಿನ ಡ್ರಿಪ್. ಇದು ಮಜ್ಜೆಯನ್ನು ಕುಗ್ಗಿಸಬಹುದು ಎಂದು ಬಿಳಿಕಣಗಳ ಎಣಿಕೆ ಮತ್ತೆ ಮತ್ತೆ. ಆಮೇಲೆ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ, ಒಟ್ಟು ಮೂರು ವಾರ. ಅದೇ ದಿನದಿಂದ ಸ್ಟಿರಾಯ್ಡ್ ಇಳಿಸಲು ತೊಡಗಿದರು. ತಟ್ಟೆಯ ಬೀಜಗಳು ಹತ್ತಾದವು, ಮರುದಿನ ಮತ್ತೆ ಹನ್ನೊಂದಾದವು, ಆಮೇಲೆ ಏಳಾದವು. ಒಂದು ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವ್ವ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂದಿನ ಇಡೀ ದಿನಕ್ಕೆ ನಾಲ್ಕೇ ಬೀಜ. ನಾಲ್ಕೂ ಕಪ್ಪು. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನರಗುಂದದ ಅಜ್ಜನಿಗೂ ಹೇಳಬೇಕಾಗಲಿಲ್ಲ. ತನ್ನ ಹಾಸಿಗೆಯಿಂದ ಬಗ್ಗಿ ನೋಡಿ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದ: "ಬಾರ ಬಿತ್ತು!"

ತಾಳೆಯಾಗದ ಮೊತ್ತ

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕಥೆ. ಕಳ್ಳ ಸಿಕ್ಕ, ಮನೆ ಉಳಿಯಿತು. ಕೆಲವು ವರ್ಷ ನಾನು ಇದನ್ನು ಹೀಗೆಯೇ ಹೇಳಿಕೊಂಡು ತಿರುಗಿದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಯಾರಾದರೂ ಹೊಟ್ಟೆನೋವು ಎಂದರೆ ಸಾಕು, ನನ್ನ ಗೂಬೆಯನ್ನು ಹಾರಿಬಿಡುತ್ತಿದ್ದೆ. ಆಮೇಲೆ ಓದುತ್ತ ಹೋದಂತೆ ಕಥೆಯ ಅಂಚು ಸಡಿಲವಾಯಿತು.

ಈ ವೈರಸ್ ಅಲ್ಸರೇಟಿವ್ ಕೊಲೈಟಿಸ್ ಜೊತೆ ಕಂಡದ್ದು ಮೊದಲು ವರದಿಯಾದದ್ದು 1961ರಲ್ಲಿ. ಸ್ಟಿರಾಯ್ಡ್ ಪ್ರಯೋಗ ಪ್ರಕಟವಾಗಿ ಆರೇ ವರ್ಷಕ್ಕೆ. ಅಂದಿನಿಂದ ವೈದ್ಯರ ನಡುವೆ ಒಂದು ಜಗಳ ನಡೆದೇ ಇದೆ: ಹುಣ್ಣಿನಲ್ಲಿ ಸಿಕ್ಕ ವೈರಸ್ ಬೆಂಕಿ ಹಚ್ಚಿದವನೋ, ಬೆಂಕಿ ನೋಡಲು ಬಂದವನೋ? ಯಾರ್ಡಿನಲ್ಲಿ ಚೀಲಕ್ಕೆ ಬೆಂಕಿ ಬಿದ್ದರೆ ಐದು ನಿಮಿಷದಲ್ಲಿ ಇನ್ನೂರು ಜನ ಸೇರುತ್ತಾರೆ. ಎಲ್ಲರನ್ನೂ ಹಿಡಿದು ಠಾಣೆಗೆ ಒಯ್ಯಲಾಗುವುದಿಲ್ಲ. 2007ರಲ್ಲಿ ಜಪಾನಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಥೆಯ ಬುಡವನ್ನೇ ಅಲುಗಿಸಿತು. ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಈ ವೈರಸ್ ಆಗಾಗ ಎಚ್ಚರವಾಗುತ್ತದೆ, ವೈರಸ್ ನಿರೋಧಕ ಔಷಧವಿಲ್ಲದೆಯೇ ಮತ್ತೆ ಮರೆಯಾಗುತ್ತದೆ ಎಂದು ಅವರು ಕಂಡಿದ್ದರು. ಇನ್ನೊಂದು ಕಡೆ, ಹುಣ್ಣಿನಲ್ಲಿ ವೈರಸ್ ದಟ್ಟವಾಗಿದ್ದು ಸ್ಟಿರಾಯ್ಡ್ ಹತ್ತದೆ ಹೋದವರಿಗೆ ಗ್ಯಾನ್ಸಿಕ್ಲೋವಿರ್ ನೆರವಾಗುತ್ತದೆ ಎಂದು ಹೇಳುವ ಅಧ್ಯಯನಗಳೂ ಇವೆ. ಒಂದೆರಡು ಕಂದು ಕೋಶ ಕಂಡರೆ ನೋಡಲು ಬಂದವನು, ಎಲ್ಲೆಲ್ಲಿಯೂ ಕಂಡರೆ ಕೈಯಲ್ಲಿ ಕಡ್ಡಿಪೆಟ್ಟಿಗೆ ಇದ್ದವನು ಎಂಬುದು ಸದ್ಯಕ್ಕೆ ಅವರೆಲ್ಲ ಹೆಚ್ಚುಕಡಿಮೆ ಒಪ್ಪುವ ಮಾತು. ನನ್ನ ವರದಿಯಲ್ಲಿ 'ಅಲ್ಲಲ್ಲಿ' ಎಂದಿತ್ತು. ಅಲ್ಲಲ್ಲಿ ಎಂದರೆ ಎಷ್ಟು?

ಇನ್ನೂ ಒಂದು ತೊಡಕು. ಗ್ಯಾನ್ಸಿಕ್ಲೋವಿರ್ ಕೊಟ್ಟ ದಿನವೇ ಸ್ಟಿರಾಯ್ಡ್ ಇಳಿಸಿದರು. ಕಾವಲುಗಾರರು ರಜೆಯಿಂದ ಮರಳಿದ್ದಕ್ಕೇ ಗದ್ದಲ ಅಡಗಿರಬಹುದು. ಮೂರನೆಯ ವಾರಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಶುರುವಾಯಿತು. ಅದು ಟಿಎನ್‌ಎಫ್ ಅನ್ನೇ ಕಟ್ಟಿಹಾಕುವ ಔಷಧ. ವೈರಸ್ಸನ್ನು ಎಬ್ಬಿಸುವ ಕೈಯನ್ನೇ ಹಿಡಿಯುವುದರಿಂದ ಅದು ಸ್ಟಿರಾಯ್ಡ್‌ನಷ್ಟು ಅಪರಾಧಿಯಲ್ಲ ಎನ್ನುತ್ತಾರೆ. ಆದರೆ ಅದಕ್ಕೆ ಬೇರೆ ಗೂಬೆಗಳ ಭಯ. ಕ್ಷಯದ ಕ್ರಿಮಿಯನ್ನು ಗೋಡೆ ಕಟ್ಟಿ ಕೂಡಿಹಾಕಿರುವುದು ಇದೇ ಟಿಎನ್‌ಎಫ್. ಅದನ್ನು ತಡೆದರೆ ಗೋಡೆ ಕುಸಿಯುತ್ತದೆ. ಮಲಗಿದ ಹೆಪಟೈಟಿಸ್ ಬಿ ಕೂಡ ಏಳಬಹುದು. ಅದಕ್ಕೇ ಎದೆಯ ಎಕ್ಸ್‌ರೇ, ಮುಂಗೈಗೆ ಕ್ಷಯ ಪತ್ತೆಯ ಮ್ಯಾಂಟೂ ಚುಚ್ಚುಮದ್ದು, ಹೆಪಟೈಟಿಸ್ ರಕ್ತಪರೀಕ್ಷೆ, ಎಲ್ಲವನ್ನೂ ಸೇರಿದ ವಾರವೇ ಮುಗಿಸಿದ್ದರು. ಈಗಲೂ ಎಂಟು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಎರಡು ತಾಸು ಡ್ರಿಪ್ ಹಾಕಿಸಿಕೊಂಡು ಬರುತ್ತೇನೆ. ದೊಡ್ಡ ಕರುಳು ಇನ್ನೂ ನನ್ನದೇ ಆಗಿ ಉಳಿದಿದೆ.

ಯಾವುದು ಹತ್ತಿತು ಹಾಗಾದರೆ? ಲೆಕ್ಕ ಬರೆಯುವವರಿಗೆ ಇದಕ್ಕೆ ಒಂದು ಹಳೆಯ ದಾರಿ ಗೊತ್ತು. ಜಮೆಗೂ ಖರ್ಚಿಗೂ ತಾಳೆಯಾಗದ ಮೊತ್ತ ಉಳಿದರೆ, ಅದನ್ನು ಕೈಗೆ ಸಿಕ್ಕ ಖಾತೆಗೆ ತುರುಕಬಾರದು. ಸಸ್ಪೆನ್ಸ್ ಖಾತೆ ಎಂದು ಒಂದು ತೆರೆದು, ಅದರಲ್ಲಿಟ್ಟು, ಚೀಟಿಗಳನ್ನು ಹುಡುಕುತ್ತ ಹೋಗಬೇಕು. ಹೊಸ ಗುಮಾಸ್ತರಿಗೆ ಇದು ಒಗ್ಗುವುದಿಲ್ಲ. ಸಾಹುಕಾರರು ಬೈದಾರು ಎಂದು ಹಮಾಲಿ ಖರ್ಚಿಗೋ ಚಹಾ ಖರ್ಚಿಗೋ ಸೇರಿಸಿ ಪುಟ ಮುಚ್ಚಿಬಿಡುತ್ತಾರೆ. ಗಿರಮಿಟ್ಟು ನಮ್ಮ ಊರಿನ ಚಹಾ ಖರ್ಚು.

ಕನ್ನಡದಲ್ಲಿ ತಪ್ಪು ಹೊರಿಸುವುದಕ್ಕೆ ಗೂಬೆ ಕೂರಿಸುವುದು ಎನ್ನುತ್ತೇವೆ. ವೈದ್ಯೆ ಆ ಚಿತ್ರ ಬರೆದಾಗ ನನಗೆ ಇದು ಹೊಳೆದಿರಲಿಲ್ಲ. ಈಗ ಆ ಕಾಗದ ನೋಡಿದಾಗಲೆಲ್ಲ ನಗು ಬರುತ್ತದೆ. ಈ ವೈರಸ್ಸಿನ ಊದಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಜರ್ಮನಿಯ ಪಂಡಿತರು 1904ರಲ್ಲಿ ಅವನ್ನು ಪ್ರೋಟೋಜೋವಾ ಎಂಬ ಒಂಟಿಕೋಶದ ಜೀವಿಗಳೆಂದೇ ತಿಳಿದಿದ್ದರು. ವೈರಸ್ಸಿಗೆ ಈಗಿನ ಹೆಸರು ಬರಲು 1960ರವರೆಗೆ ಕಾಯಬೇಕಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗೂಬೆಯೂ ತಪ್ಪು ಹೆಸರಿನ ಕೊಂಬೆಯ ಮೇಲೆಯೇ ಕೂತಿತ್ತು. ಹೀಗಿರುವಾಗ ಆ ಊರಿನ ವೈದ್ಯರ ಮೇಲಿನ ನನ್ನ ಸಿಟ್ಟು ಪೂರ್ತಿ ನ್ಯಾಯವೇ ಎಂದು ಅನುಮಾನ ಬರುತ್ತದೆ. ಪೂರ್ತಿ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ವೈರಸ್ ಹೊಳೆಯದಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಔಷಧ ಹತ್ತದಿದ್ದಾಗ ಅವರು ನನ್ನ ಬಾಯಿಯ ಕಡೆ ನೋಡಿದರು, ಕರುಳಿನ ಕಡೆ ನೋಡಲಿಲ್ಲ. ಸಿಟ್ಟು ಅದಕ್ಕೆ.

ಸಾಹುಕಾರರ ಅಕ್ಕನಿಗೆ ಕೊನೆಗೆ ನಾನೇ ಫೋನು ಮಾಡಿದೆ. ಹುಡುಗ ಏನು ತಿಂದ ಎಂದು ಕೇಳಲಿಲ್ಲ. ಸ್ಟಿರಾಯ್ಡ್ ಎಷ್ಟು ದಿನವಾಯಿತು, ದಿನಕ್ಕೆ ಎಷ್ಟು ಸಲ, ರಕ್ತ ಎಷ್ಟು ಸಲ, ಹುಣ್ಣಿನಿಂದ ಚೂರು ತೆಗೆದು ಸೈಟೋಮೆಗಲೋವೈರಸ್ ನೋಡಿದ್ದಾರೆಯೇ ಎಂದು ವೈದ್ಯರನ್ನು ಕೇಳಿರಿ ಎಂದೆ. ಅವರಿಗೆ ಆ ಹೆಸರು ಬಾಯಿಗೆ ಬರಲಿಲ್ಲ. ನಾಲ್ಕು ತುಂಡು ಮಾಡಿ ಬರೆಸಿದೆ. "ಅಣ್ಣಾ, ಅವನು ಹಾಸ್ಟೆಲಿನಲ್ಲಿ ಹೊರಗಿನದು ತಿನ್ನುತ್ತಿದ್ದ, ಅದಕ್ಕೆ ಅಲ್ಲವೇ?" ಎಂದು ಮತ್ತೆ ಕೇಳಿದರು. ಧ್ವನಿಯಲ್ಲಿ ಅಳುವಿತ್ತು. ಹುಡುಗನನ್ನು ಹಾಸ್ಟೆಲಿಗೆ ಕಳಿಸಿದವರು ತಾವೇ ಎಂಬ ಅಳು ಅದು ಎಂದು ಫೋನು ಇಟ್ಟ ಮೇಲೆ ಹೊಳೆಯಿತು.

ಅವ್ವನ ಪ್ರಶ್ನೆ

ಅವ್ವನಿಗೆ ಈಗ ಎಪ್ಪತ್ತೆರಡು. ಹುಣಸೆ ಬೀಜಗಳನ್ನು ಆಸ್ಪತ್ರೆಯಿಂದ ಬಂದ ದಿನವೇ ಬಿಸಿನೀರಿನಲ್ಲಿ ತೊಳೆದು, ಅರಿಶಿನ ಹಚ್ಚಿ, ಬಿಸಿಲಿಗೆ ಒಣಗಿಸಿ ಡಬ್ಬಿಗೆ ಸೇರಿಸಿದಳು. ಶ್ರಾವಣದಲ್ಲಿ ನನ್ನ ಮಗಳ ಜೊತೆ ಅವುಗಳಲ್ಲಿಯೇ ಆಡುತ್ತಾಳೆ, ಮೋಸವನ್ನೂ ಮಾಡುತ್ತಾಳೆ. ಕಳೆದ ವಾರ, ಫೋನಿನ ಮಾತು ಕೇಳಿಸಿಕೊಂಡಿದ್ದಳೇನೋ, ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಅಲ್ಲ, ಆ ಗೂಬೆ ನಿನ್ನ ಹೊಟ್ಟೆಗೆ ಮೊದಲು ಬಂದದ್ದು ಎಲ್ಲಿಂದ?"

ಅದಕ್ಕೂ ಉತ್ತರ ಓದಿದ್ದೇನೆ. ನಮ್ಮಂಥ ದೇಶಗಳಲ್ಲಿ ಬಹುಪಾಲು ಮಕ್ಕಳಿಗೆ ಈ ವೈರಸ್ ಸಿಗುವುದು ಹುಟ್ಟಿದ ಮೊದಲ ವರ್ಷಗಳಲ್ಲಿ. ದಾರಿ ಹಲವು: ಎಂಜಲು, ಓರಗೆಯ ಮಕ್ಕಳು. ಎಲ್ಲಕ್ಕಿಂತ ದೊಡ್ಡ ದಾರಿಗಳಲ್ಲಿ ಒಂದು ತಾಯಿಯ ಹಾಲು. ದಿನ ತುಂಬಿ ಹುಟ್ಟಿದ ಮಗುವಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಅದನ್ನು ತಡೆಯುವ ಕಾವಲೂ ಬಂದಿರುತ್ತದೆ. ನಮ್ಮ ಕೇರಿಯಲ್ಲಿ ಮೂರು ವರ್ಷ ತುಂಬುವವರೆಗೆ ಮಗನಿಗೆ ಹಾಲು ಕುಡಿಸಿದವಳು ತಾನೊಬ್ಬಳೇ ಎಂದು ಅವ್ವ ಇಂದಿಗೂ ಬಂದವರ ಮುಂದೆ ಹೇಳಿಕೊಳ್ಳುತ್ತಾಳೆ. ನನ್ನ ಹೆಂಡತಿ ಮಗಳ ಹಾಲನ್ನು ಒಂದೂವರೆ ವರ್ಷಕ್ಕೆ ಬಿಡಿಸಿದಾಗ ಎರಡು ದಿನ ಮಾತು ಬಿಟ್ಟಿದ್ದಳು.

"ಗಾಳಿಯಿಂದ" ಎಂದೆ.

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿದಳು. "ಅದಕ್ಕೇ ಬಡಿದುಕೊಳ್ಳುತ್ತೇನೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ ಎಂದು."

ನಾನು ಓಡಾಡುವ ಎಸಿ ಚಿಗರಿ ಬಸ್ಸಿನ ಕಿಟಕಿ ತೆರೆಯುವುದೇ ಇಲ್ಲ. ಅದನ್ನು ನಾನು ಹೇಳಲಿಲ್ಲ.